ಮನೆ ಕೆಲಸ ಅಂತ ಬಿಟ್ಟಿದ್ದೇ ನಿಮ್ಮ ಅನುಭವ: ರೆಸ್ಯೂಮೆ ಬರೆಯುವ ಬಗೆ

ಮಡಿಕೇರಿ ಹತ್ತಿರದ ಒಂದು ರೆಸಾರ್ಟ್‌ನ ಆಫೀಸಿನಲ್ಲಿ ನಾನು ಎಂಟು ವರ್ಷ ಕೆಲಸ ಮಾಡಿದೆ. ಬಂದ ಅರ್ಜಿಗಳನ್ನು ಮೊದಲು ತೆರೆದು ನೋಡಿ, ಯಾರನ್ನು ಕರೆಯಬಹುದು ಅಂತ ಗುರುತು ಹಾಕಿ ಮ್ಯಾನೇಜರ್ ಮೇಜಿನ ಮೇಲೆ ಇಡುವುದು ನನ್ನ ಪಾಲಿಗೆ ಬಂದಿತ್ತು. ಒಂದು ಸಲ ಫ್ರಂಟ್ ಆಫೀಸಿಗೆ ಒಬ್ಬರು ಬೇಕಾಗಿದ್ದರು. ನಲವತ್ತಕ್ಕೂ ಜಾಸ್ತಿ ಅರ್ಜಿ ಬಂದವು. ಅದರಲ್ಲಿ ನಾಪೋಕ್ಲು ಕಡೆಯ ಒಬ್ಬ ಹುಡುಗಿಯದೂ ಇತ್ತು. ಬಿ.ಕಾಂ. ಮುಗಿಸಿದ್ದಳು. ಕೆಳಗೆ 'ಹಾರ್ಡ್‌ವರ್ಕಿಂಗ್, ಹಾನೆಸ್ಟ್, ಕ್ವಿಕ್ ಲರ್ನರ್' ಅಂತ ಇತ್ತು, ಅನುಭವ ಅನ್ನುವ ಕಡೆ 'ಇಲ್ಲ' ಅಂತ ಇತ್ತು. ಪಕ್ಕಕ್ಕಿಟ್ಟೆ.

ಆರು ತಿಂಗಳು ಕಳೆದ ಮೇಲೆ ಒಂದು ಮದುವೆ ಮನೆಯಲ್ಲಿ ಅದೇ ಹುಡುಗಿ ಸಿಕ್ಕಳು. ಮಾತಿಗೆ ಮಾತು ಬಂದು ವಿಷಯ ಗೊತ್ತಾಯಿತು. ಅವರ ಮನೆಯಲ್ಲೇ ನಾಲ್ಕು ರೂಮಿನ ಹೋಮ್‌ಸ್ಟೇ ಇದೆ, ಮೂರು ವರ್ಷದಿಂದ ಬುಕಿಂಗ್ ತೆಗೆದುಕೊಳ್ಳುವುದು, ದಾರಿ ತಪ್ಪಿದವರಿಗೆ ಫೋನಿನಲ್ಲಿ ದಾರಿ ಹೇಳುವುದು, ಬಿಲ್ ಮಾಡುವುದು, ಮಳೆ ಬಂತು ಕರೆಂಟ್ ಇಲ್ಲ ಅಂತ ಸಿಟ್ಟಾದ ಗೆಸ್ಟುಗಳನ್ನು ಸಮಾಧಾನ ಮಾಡುವುದು ಎಲ್ಲವೂ ಅವಳೇ. ನಮಗೆ ಬೇಕಾಗಿದ್ದದ್ದು ಸರಿಯಾಗಿ ಅದೇ ಕೆಲಸ ಗೊತ್ತಿದ್ದವರು! 'ಅದನ್ನ ಯಾಕಮ್ಮ ಬರೀಲಿಲ್ಲ?' ಅಂದೆ. 'ಅದು ಮನೆ ಕೆಲಸ ಅಲ್ವಾ ಅಕ್ಕ' ಅಂದಳು.

ಆ ಮಾತು ಇವತ್ತಿಗೂ ನನ್ನ ತಲೆಯಲ್ಲಿ ಕೂತಿದೆ. ನಮ್ಮ ಕೊಡಗಿನ ಮಕ್ಕಳ ರೆಸ್ಯೂಮೆಯಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದನ್ನೇ: ನಿಜವಾಗಿ ಮಾಡಿದ ಕೆಲಸ ಹಾಳೆಯ ಹೊರಗೆ ಉಳಿದಿರುತ್ತದೆ, ಯಾರು ಬೇಕಾದರೂ ಬರೆಯಬಹುದಾದ ಗುಣವಾಚಕಗಳು ಒಳಗೆ ಬಂದಿರುತ್ತವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ರೆಸ್ಯೂಮೆ ಅಂದರೆ ಏನು ಅಂತ ನೋಡೋಣ. ಅದು ಫ್ರೆಂಚ್ ಮಾತು, ಸಾರ ತೆಗೆದದ್ದು ಅಂತ ಅರ್ಥ. ನಮ್ಮಲ್ಲಿ ಇದಕ್ಕೆ ಬಯೋಡೇಟಾ ಅಂತ ಹೇಳುವ ರೂಢಿ ಇದೆ, ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಬಯೋಡೇಟಾ ಅಂದ ಕೂಡಲೇ ಮದುವೆಗೆ ಕೊಡುವ ಹಾಳೆ ನೆನಪಾಗುತ್ತದೆ. ತಂದೆಯ ಹೆಸರು, ತಾಯಿಯ ಹೆಸರು, ಜಾತಿ, ಎತ್ತರ, ಮದುವೆ ಆಗಿದೆಯೋ ಇಲ್ಲವೋ ಎಲ್ಲ ಸೇರಿಕೊಳ್ಳುತ್ತದೆ. ಲೆಕ್ಕ ಬರೆಯುವವರನ್ನು ಹುಡುಕುತ್ತಿರುವ ಕಂಪನಿಗೆ ಇದರಲ್ಲಿ ಒಂದೂ ಬೇಡ. ಕಾಲೇಜುಗಳಲ್ಲಿ, ಸಂಶೋಧನೆಯಲ್ಲಿ ಕೇಳುವ ಸಿ.ವಿ. ಬೇರೆ. ಅದರಲ್ಲಿ ಓದಿದ್ದು, ಕಲಿಸಿದ್ದು, ಬರೆದ ಪ್ರಬಂಧಗಳು ಪೂರ್ತಿ ಬರಬೇಕು, ಹಾಗಾಗಿ ಪುಟ ಎಷ್ಟಾದರೂ ಆದೀತು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಲ್ಲಿ ಓದಿ ಪಿಎಚ್.ಡಿ.ಗೆ ಹೋಗುವವರಿಗೆ ಬೇಕಾಗುವುದು ಅದು. ಸರ್ಕಾರಿ ನೌಕರಿಗಾದರೆ ಅವರದೇ ಅರ್ಜಿ ನಮೂನೆ ಇರುತ್ತದೆ, ಅಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ತುಂಬಬೇಕು. ನಾನಿಲ್ಲಿ ಹೇಳುತ್ತಿರುವುದು ಖಾಸಗಿ ಕೆಲಸಕ್ಕೆ ಕಳಿಸುವ ಒಂದು ಪುಟದ ರೆಸ್ಯೂಮೆ ಬಗ್ಗೆ.

ಆ ಒಂದು ಪುಟವನ್ನು ಓದುವವರು ಎಷ್ಟು ಹೊತ್ತು ಓದುತ್ತಾರೆ? ಅಮೆರಿಕದ ಲ್ಯಾಡರ್ಸ್ ಅನ್ನುವ ಉದ್ಯೋಗ ತಾಣದವರು 2018ರಲ್ಲಿ ಕೆಲಸಕ್ಕೆ ಆರಿಸುವವರ ಕಣ್ಣಿನ ಓಡಾಟವನ್ನೇ ಅಳೆದು ನೋಡಿದರು. ಮೊದಲ ನೋಟಕ್ಕೆ ಸರಾಸರಿ 7.4 ಸೆಕೆಂಡ್! ನನ್ನ ಅನುಭವವೂ ಹೆಚ್ಚುಕಡಿಮೆ ಅದೇ. ಯಾರಿಗೂ ಅಹಂಕಾರ ಅಂತಲ್ಲ. ಒಂದು ಕಡೆ ಚೆಕ್-ಇನ್ ಸಮಯ, ಇನ್ನೊಂದು ಕಡೆ ತರಕಾರಿ ಗಾಡಿ ಬಂದು ನಿಂತಿರುತ್ತದೆ, ಮಧ್ಯದಲ್ಲಿ ನಲವತ್ತು ಹಾಳೆ. ಕಣ್ಣು ಮೇಲಿನ ಮೂರನೇ ಒಂದು ಭಾಗ ನೋಡುತ್ತದೆ, ಎಡಗಡೆ ದಪ್ಪ ಅಕ್ಷರ ನೋಡುತ್ತದೆ, ಕೊನೆಯ ಕೆಲಸ ಯಾವುದು, ಯಾವಾಗಿಂದ ಯಾವಾಗಿನ ತನಕ ಅಂತ ನೋಡುತ್ತದೆ, ಅಷ್ಟೇ. ಅಲ್ಲೇನಾದರೂ ಹಿಡಿದು ನಿಲ್ಲಿಸಿದರೆ ಮಾತ್ರ ಉಳಿದದ್ದನ್ನು ಓದುತ್ತಾರೆ. ಹಾಗಾಗಿ ಆ ಕೆಲಸಕ್ಕೆ ನಿಮ್ಮ ಬಳಿ ಇರುವ ಗಟ್ಟಿ ಕಾರಣ ಯಾವುದೋ ಅದು ಮೇಲೆ ಬರಬೇಕು. ಈಗಷ್ಟೇ ಓದು ಮುಗಿಸಿದ್ದರೆ ಡಿಗ್ರಿ ಮೇಲಿರಲಿ. ಎರಡು ವರ್ಷ ಕೆಲಸ ಮಾಡಿದ್ದರೆ ಕೆಲಸ ಮೇಲೆ ಬರಲಿ, ಓದು ಕೆಳಗೆ ಹೋಗಲಿ. ಎರಡರಲ್ಲೂ ಇತ್ತೀಚಿನದು ಮೊದಲು, ಹಳೆಯದು ಆಮೇಲೆ.

ಹಿಂದಿನ ವರ್ಷ ಶನಿವಾರಸಂತೆ ಕಡೆಯ ನಮ್ಮ ಪರಿಚಯದವರ ಮಗ ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಬಂದ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಬಡಾವಣೆಯಲ್ಲಿ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಅಕೌಂಟ್ಸ್ ಅಸಿಸ್ಟೆಂಟ್ ಬೇಕಾಗಿದ್ದಾರೆ ಅಂತ ಜಾಹೀರಾತು ಬಂದಿತ್ತು.

'ಅಕ್ಕ, ನಂಗೆ ಅನುಭವ ಇಲ್ಲ. ಏನು ಬರೀಲಿ?'

'ಕುಯ್ಲಿನ ಟೈಮಲ್ಲಿ ಮನೇಲಿ ಏನು ಮಾಡ್ತೀಯ?'

'ಕಣದಲ್ಲಿ ಕೂತು ತೂಕ ಬರೀತೀನಿ.'

'ಎಷ್ಟು ಜನರದ್ದು?'

'ಹದಿನೆಂಟು, ಇಪ್ಪತ್ತು ಜನ ಇರ್ತಾರೆ.'

'ಎಲ್ಲಿ ಬರೀತೀಯ?'

'ಮೊದಲು ಪುಸ್ತಕದಲ್ಲಿ. ರಾತ್ರಿ ಎಕ್ಸೆಲ್‌ಗೆ ಹಾಕ್ತೀನಿ. ಶನಿವಾರ ಬಟವಾಡೆ ಅಲ್ವಾ, ಅಡ್ವಾನ್ಸ್ ಕಳೆದು ಯಾರಿಗೆಷ್ಟು ಅಂತ ನಾನೇ ಪಟ್ಟಿ ಮಾಡಿ ಅಪ್ಪನಿಗೆ ಕೊಡೋದು.'

'ಅವರ ಜೊತೆ ಯಾವ ಭಾಷೇಲಿ ಮಾತಾಡ್ತೀಯ?'

'ಹಿಂದಿ. ಅಸ್ಸಾಂನವರೇ ಜಾಸ್ತಿ.'

ಅನುಭವ ಇಲ್ಲ ಅಂತ ಹೇಳಿದ ಹುಡುಗ ಇವನು! ಅವನು ತಂದಿದ್ದ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ನನ್ನ ಕೌಶಲಗಳನ್ನು ಬಳಸಿಕೊಂಡು ಸಂಸ್ಥೆಯ ಬೆಳವಣಿಗೆಗೆ ಕಾಣಿಕೆ ನೀಡುವಂಥ ಸವಾಲಿನ ಹುದ್ದೆಯನ್ನು ಬಯಸುತ್ತೇನೆ. ಇದೇ ವಾಕ್ಯ, ಅಕ್ಷರ ಬದಲಾಗದೆ, ನಾನು ನೂರಾರು ಹಾಳೆಗಳಲ್ಲಿ ಓದಿದ್ದೇನೆ. ಅದನ್ನು ತೆಗೆದುಹಾಕಿ ಇಬ್ಬರೂ ಕೂತು ಬರೆದದ್ದು ಕನ್ನಡದಲ್ಲಿ ಹೇಳಿದರೆ ಇಷ್ಟು:

ಮನೆಯ ಕಾಫಿ ತೋಟ, ಶನಿವಾರಸಂತೆ. ಎರಡು ಕುಯ್ಲಿನ ಕಾಲ, ನವೆಂಬರ್‌ನಿಂದ ಫೆಬ್ರವರಿ. 18ರಿಂದ 20 ಕಾರ್ಮಿಕರ ಹಾಜರಿ ಮತ್ತು ದಿನದ ತೂಕ ಬರೆದಿಟ್ಟಿದ್ದೇನೆ. ಮುಂಗಡ ಕಳೆದು ವಾರದ ಬಟವಾಡೆ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತಯಾರಿಸಿದ್ದೇನೆ. ಮಾರಿದ ಚೀಲಗಳ ತೂಕದ ಚೀಟಿಯನ್ನೂ ವ್ಯಾಪಾರಿಯ ಬಿಲ್ಲನ್ನೂ ತಾಳೆ ನೋಡಿದ್ದೇನೆ. ತೇವಾಂಶ ಮತ್ತು ಔಟ್‌ಟರ್ನ್ ಮೇಲೆ ದರ ಹೇಗೆ ಕಟ್ಟುತ್ತಾರೆ ಅಂತ ಗೊತ್ತು. ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ವ್ಯವಹರಿಸಬಲ್ಲೆ.

ಆ ಔಟ್‌ಟರ್ನ್ ಅನ್ನುವ ಒಂದು ಮಾತಿಗೆ ಎಷ್ಟು ತೂಕ ಇದೆ ನೋಡಿ. ಒಣಗಿದ ಕಾಫಿ ಹಣ್ಣಿನ, ಅಂದರೆ ಚೆರಿಯ, 50 ಕಿಲೋ ಚೀಲದಿಂದ ಎಷ್ಟು ಕಿಲೋ ಕಾಫಿ ಬೀಜ ಕೈಗೆ ಬರುತ್ತದೆ ಅನ್ನುವ ಲೆಕ್ಕ ಅದು. ಕ್ಯೂರಿಂಗ್‌ನವರು ದಿನ ಬೆಳಗಾದರೆ ಮಾತಾಡುವುದು ಅದನ್ನೇ. ಹೊರಗಿನಿಂದ ಬಂದ ಬಿ.ಕಾಂ. ಹುಡುಗನಿಗೆ ಅದನ್ನು ಕೂರಿಸಿಕೊಂಡು ಕಲಿಸಬೇಕು. ಇವನಿಗೆ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದೆ ಅಂತ ಹಾಳೆ ಹೇಳದಿದ್ದರೆ ಓದುವವರಿಗೆ ಹೇಗೆ ತಿಳಿಯಬೇಕು?

ಹಾಗಾದರೆ ಒಂದು ಸಾಲು ಬರೆಯುವಾಗ ಏನು ಮಾಡಿದೆ, ಎಷ್ಟು ಮಾಡಿದೆ, ಯಾವುದನ್ನು ಬಳಸಿ ಮಾಡಿದೆ ಅಂತ ಕೇಳಿಕೊಳ್ಳಿ. ಅದರಿಂದ ಏನಾದರೂ ಬದಲಾಗಿದ್ದರೆ ಅದನ್ನೂ ಸೇರಿಸಿ. 'ಟೀಮ್ ಪ್ಲೇಯರ್' ಅಂದರೆ ಯಾರೂ ನಂಬುವುದಿಲ್ಲ. ಕುಟುಂಬದ ಹಾಕಿ ಪಂದ್ಯಾವಳಿಯಲ್ಲಿ ಇಂಥ ವರ್ಷ ತಂಡದ ಮ್ಯಾನೇಜರ್ ಆಗಿದ್ದೆ, 15 ಜನರ ಕಿಟ್, ಗಾಡಿ, ಊಟದ ಖರ್ಚು ನೋಡಿಕೊಂಡೆ ಅಂದರೆ ನಂಬುತ್ತಾರೆ. ಕೊಡವ ಕುಟುಂಬಗಳ ಆ ಹಾಕಿ ಉತ್ಸವ 1997ರಲ್ಲಿ ಕರಡದಲ್ಲಿ ಶುರುವಾದದ್ದು, ಇವತ್ತು ಒಂದು ಉತ್ಸವ ನಡೆಸುವುದು ಅಂದರೆ ಎಷ್ಟು ದೊಡ್ಡ ಕೆಲಸ ಅಂತ ನಮಗೆಲ್ಲ ಗೊತ್ತು. ಅದರಲ್ಲಿ ಸಮಿತಿ ಕೆಲಸ ಮಾಡಿದವರು 'ಹವ್ಯಾಸ: ಹಾಕಿ' ಅಂತ ಎರಡು ಪದ ಬರೆದು ಕೈತೊಳೆದುಕೊಳ್ಳುತ್ತಾರೆ. ನನಗೆ ಸಂಕಟವಾಗುತ್ತದೆ.

ಇನ್ನೊಂದು ಕಡೆ ಹಿಗ್ಗಿಸಿ ಬರೆಯುವುದೂ ಬೇಡ. ಆ ಹುಡುಗ ಮೊದಲು 'ಎಸ್ಟೇಟ್ ಮ್ಯಾನೇಜರ್' ಅಂತ ಹಾಕೋಣವೇ ಅಂತ ಕೇಳಿದ. ಬೇಡ ಅಂದೆ. ಎಷ್ಟು ಎಕರೆ, ಎಷ್ಟು ಸಂಬಳ, ನಿನ್ನ ಕೈಕೆಳಗೆ ತೋಟದ ಲೆಕ್ಕ ಬರೆಯುವ ರೈಟರ್ ಎಷ್ಟು ಜನ ಅಂತ ಮೂರು ಪ್ರಶ್ನೆ ಕೇಳಿದರೆ ಎಲ್ಲ ಮುಗಿಯಿತು. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಬರುತ್ತದೆ ಅಂತ ಬರೆದವರನ್ನು ಸಂದರ್ಶನದಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಎಂಟ್ರಿ ಹಾಕಿ ಅಂತ ಹೇಳುವುದು ಮಾಮೂಲು. ಹಳೆಯ ಕೆಲಸದ ತಾರೀಖು ಎಳೆಯುವುದಂತೂ ಇನ್ನೂ ಅಪಾಯ. 2014ರಿಂದ ಪಿ.ಎಫ್. ಖಾತೆಗೆ ಯು.ಎ.ಎನ್. ಅಂತ 12 ಅಂಕಿಯ ಒಂದೇ ನಂಬರ್ ಬಂದಿದೆ. ಯಾವ ಕಂಪನಿಯಲ್ಲಿ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಅನ್ನುವುದೆಲ್ಲ ಅದರಡಿಯಲ್ಲಿ ಸಿಗುತ್ತದೆ. ಎಂಟು ತಿಂಗಳನ್ನು ಎರಡು ವರ್ಷ ಅಂತ ಬರೆದು ಸಿಕ್ಕಿಬಿದ್ದರೆ, ಆ ಎಂಟು ತಿಂಗಳ ಒಳ್ಳೆಯ ಕೆಲಸಕ್ಕೂ ಬೆಲೆ ಹೋಗುತ್ತದೆ.

ಜಾಹೀರಾತನ್ನು ಪೆನ್ಸಿಲ್ ಹಿಡಿದು ಓದಿ. ಇದನ್ನು ಯಾರೂ ಮಾಡುವುದಿಲ್ಲ, ಮಾಡಿದವರು ಎದ್ದು ಕಾಣುತ್ತಾರೆ. ಅವರು ಕೇಳಿದ ಒಂದೊಂದು ವಿಷಯದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ನೀವು ಅದಕ್ಕೆ ಹತ್ತಿರವಾಗಿ ಮಾಡಿದ್ದೇನು ಅಂತ ಬರೆಯಿರಿ. ಜಿ.ಎಸ್.ಟಿ. ರಿಟರ್ನ್ ಅಂತ ಅವರು ಹೇಳಿದ್ದರೆ, ನಿಮಗೆ ನಿಜವಾಗಿ ಅದು ಗೊತ್ತಿದ್ದರೆ, ಸುಮ್ನೆ 'ಟ್ಯಾಕ್ಸ್ ಕೆಲಸ' ಅಂತ ಬರೆಯದೆ ಜಿ.ಎಸ್.ಟಿ. ರಿಟರ್ನ್ ಅಂತಲೇ ಬರೆಯಿರಿ. ಅದಕ್ಕೆ ಕಾರಣ ಇದೆ. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಅರ್ಜಿಯನ್ನು ಮನುಷ್ಯರು ನೋಡುವ ಮೊದಲು ಎ.ಟಿ.ಎಸ್. ಅನ್ನುವ ಸಾಫ್ಟ್‌ವೇರ್ ಒಳಗೆ ಹಾಕುತ್ತಾರೆ. ಅದು ಹಾಳೆಯಲ್ಲಿನ ಅಕ್ಷರಗಳನ್ನು ಎತ್ತಿಕೊಂಡು ಹೆಸರು, ಫೋನ್, ಓದು, ಕೆಲಸ, ಕೌಶಲ ಅಂತ ಬೇರೆ ಬೇರೆ ಖಾನೆಗೆ ತುಂಬುತ್ತದೆ. ಆಮೇಲೆ ಅಲ್ಲಿನವರು ನಾವು ಗೂಗಲ್‌ನಲ್ಲಿ ಹುಡುಕುವ ಹಾಗೆ ಪದ ಹಾಕಿ ಹುಡುಕುತ್ತಾರೆ. ಅವರ ಪದ ನಿಮ್ಮ ಹಾಳೆಯಲ್ಲಿ ಇಲ್ಲದಿದ್ದರೆ ಆ ಹುಡುಕಾಟದಲ್ಲಿ ನೀವು ಸಿಗದೇ ಹೋಗಬಹುದು.

ಈ ಯಂತ್ರಕ್ಕೆ ಚಂದದ ವಿನ್ಯಾಸ ಬೇಡ. ಎರಡು ಕಾಲಂ, ಬಣ್ಣದ ಪೆಟ್ಟಿಗೆ, 'ಎಕ್ಸೆಲ್ ನಾಲ್ಕು ಸ್ಟಾರ್' ಅನ್ನುವ ಚಿತ್ರ ಇಂಥವುಗಳನ್ನು ಓದುವಾಗ ಎಡಗಡೆಯ ಸಾಲು ಬಲಗಡೆಯ ಸಾಲಿಗೆ ಸೇರಿ ಕಲಸುಮೇಲೋಗರ ಆಗಬಹುದು. ಪರೀಕ್ಷೆ ಮಾಡುವುದು ಸುಲಭ. ನಿಮ್ಮ ಪಿಡಿಎಫ್ ತೆರೆದು, ಎಲ್ಲವನ್ನೂ ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ಸಾಲುಗಳು ಕ್ರಮವಾಗಿ ಬಂದರೆ ಯಂತ್ರಕ್ಕೂ ಓದಲು ಬರುತ್ತದೆ. ಏನೂ ಕಾಪಿಯೇ ಆಗದಿದ್ದರೆ ಅದು ಅಕ್ಷರ ಅಲ್ಲ, ಹಾಳೆಯ ಫೋಟೋ ಅಂತ ಅರ್ಥ. ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದ ಹಳೇ ರೆಸ್ಯೂಮೆಗಳೆಲ್ಲ ಹೀಗೇ ಇರುತ್ತವೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ. ಸಹಕಾರ ಸಂಘ, ಪತ್ರಿಕೆ, ಕನ್ನಡ ಶಾಲೆ ಇಂಥ ಕಡೆ ಕನ್ನಡದಲ್ಲೇ ಅರ್ಜಿ ಕೊಡುವುದು ಚೆನ್ನ. ಆದರೆ 'ನುಡಿ', 'ಬರಹ' ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಹಾಗೇ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿ ಕಂಡರೂ ಕಾಪಿ ಮಾಡಿ ನೋಡಿದಾಗ ಮತ್ತೆ ಅದೇ ರಾಶಿ. ಯಾವ ಕಂಪ್ಯೂಟರಿನಲ್ಲಾದರೂ ಕನ್ನಡವಾಗಿಯೇ ಓದಲು ಬರುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಅಂಗಡಿಯಲ್ಲಿ ಮಾಡಿಸುವುದಾದರೆ ಯೂನಿಕೋಡ್ ಅಂತ ಬಾಯಿಬಿಟ್ಟು ಹೇಳಿ.

ನಮ್ಮ ಜಿಲ್ಲೆಯಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದವರು ಎಷ್ಟೊಂದು ಜನ. ನಲವತ್ತು ದಾಟುವ ಹೊತ್ತಿಗೆ ಪಿಂಚಣಿ ತೆಗೆದುಕೊಂಡು ಊರಿಗೆ ಬಂದು ಇನ್ನೊಂದು ಕೆಲಸ ಹುಡುಕುತ್ತಾರೆ. ನಮ್ಮ ರೆಸಾರ್ಟ್‌ಗೆ ಹೀಗೆ ಒಬ್ಬರು ಹವಾಲ್ದಾರ್ ಅರ್ಜಿ ಕೊಟ್ಟರು, ಸೆಕ್ಯೂರಿಟಿ ಗಾರ್ಡ್ ಕೆಲಸಕ್ಕೆ. ಹಾಳೆಯಲ್ಲಿ ರೆಜಿಮೆಂಟ್ ಹೆಸರು, ನಂಬರ್, 'ಎಂ.ಟಿ. ಎನ್.ಸಿ.ಒ.' ಅಂತ ಇತ್ತು. ನನಗೆ ಅರ್ಥ ಆಗಲಿಲ್ಲ. ಸಂದರ್ಶನಕ್ಕೆ ಬಂದಾಗ 'ಅಣ್ಣ, ಈ ಎಂ.ಟಿ. ಅಂದರೆ ಏನು?' ಅಂತ ಕೇಳಿದೆ. ಮೋಟಾರ್ ಟ್ರಾನ್ಸ್‌ಪೋರ್ಟ್. ಎನ್.ಸಿ.ಒ. ಅಂದರೆ ನಾನ್-ಕಮಿಷನ್ಡ್ ಆಫೀಸರ್, ಹವಾಲ್ದಾರ್ ಥರದ ಹುದ್ದೆ. ಮೂವತ್ತು ಚಿಲ್ಲರೆ ಲಾರಿ, ಜೀಪುಗಳು, ಅವುಗಳ ಡ್ರೈವರ್‌ಗಳು, ಡೀಸೆಲ್ ಲೆಕ್ಕ, ಸರ್ವಿಸ್ ತಾರೀಖು ಎಲ್ಲ ಅವರ ಕೈಯಲ್ಲಿತ್ತು. ಅವರಿಗೆ ನಾವು ಕೊಟ್ಟದ್ದು ಗೇಟಿನ ಕೆಲಸ ಅಲ್ಲ, ಗಾಡಿಗಳ ಮೇಲ್ವಿಚಾರಣೆ. ಆದರೆ ಅದು ಅಕಸ್ಮಾತ್ತಾಗಿ ಕೇಳಿದ್ದಕ್ಕೆ ಆದದ್ದು. ಸೈನ್ಯದ ಸಂಕ್ಷಿಪ್ತ ಪದಗಳನ್ನು ಬಿಡಿಸಿ ಬರೆಯಿರಿ. ಎಷ್ಟು ಜನ, ಎಷ್ಟು ಗಾಡಿ, ಎಷ್ಟು ಸಾಮಾನು ನಿಮ್ಮ ಜವಾಬ್ದಾರಿಯಲ್ಲಿತ್ತು ಅಂತ ಸಾಮಾನ್ಯರ ಮಾತಿನಲ್ಲಿ ಹೇಳಿ. ಡಿಸ್ಚಾರ್ಜ್ ಪುಸ್ತಕದಲ್ಲಿ ನಡತೆ ಬಗ್ಗೆ ಒಳ್ಳೆಯ ಮಾತು ಇದ್ದರೆ ಅದೂ ಒಂದು ಸಾಲಾಗಿ ಬರಲಿ.

ಮಧ್ಯದಲ್ಲಿ ಖಾಲಿ ಬಿದ್ದ ವರ್ಷಗಳನ್ನು ಏನು ಮಾಡುವುದು ಅಂತ ತುಂಬಾ ಜನ ಕೇಳುತ್ತಾರೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಮಕ್ಕಂದೂರು, ಜೋಡುಪಾಲ ಕಡೆಯ ಎಷ್ಟೋ ಮನೆಗಳ ಮಕ್ಕಳ ಓದು, ಕೆಲಸ ಒಂದು ವರ್ಷ ನಿಂತುಹೋಯಿತು. ಅಪ್ಪ ಅಮ್ಮನ ಕಾಯಿಲೆ, ಹೆರಿಗೆ, ಕೊರೋನಾ, ಕಾರಣ ಏನೇ ಇರಲಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮುಚ್ಚಿಡಲು ಹೋದರೆ ಓದುವವರು ಬೇರೆಯೇ ಊಹೆ ಮಾಡುತ್ತಾರೆ. ಒಂದೇ ಸಾಲು ಸಾಕು: '2018–19: ಭೂಕುಸಿತದಲ್ಲಿ ಮನೆ ಹಾನಿಯಾದದ್ದರಿಂದ ಕುಟುಂಬದ ಜೊತೆ ಇದ್ದೆ. ಜೂನ್ 2019ರಿಂದ ಓದು ಮುಂದುವರಿಸಿದೆ.' ಅದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ, ಕೇಳಿದರೆ ಎದುರು ಕೂತಾಗ ಹೇಳಿದರಾಯಿತು. ಆ ವರ್ಷ ಪರಿಹಾರ ಕೇಂದ್ರದಲ್ಲಿ ಅಕ್ಕಿ, ಕಂಬಳಿ ಹಂಚುವ ಪಟ್ಟಿ ಬರೆದಿದ್ದರೆ ಅದು ಖಂಡಿತ ಸೇರಲಿ. ಅದು ಕೆಲಸ.

ಇನ್ನು ಉಳಿದ ವಿವರಗಳು. ಫೋನ್ ನಂಬರ್ ಬಗ್ಗೆ ಕೊಡಗಿನವರು ಎರಡು ಸಲ ಯೋಚಿಸಬೇಕು. ಸಂದರ್ಶನಕ್ಕೆ ಕರೆಯಲು ನಾನು ಫೋನ್ ಮಾಡಿದಾಗ 'ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಅಂತ ಕೇಳಿದ್ದಕ್ಕೆ ಲೆಕ್ಕವಿಲ್ಲ. ಮನೆಯೊಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಸಿಗ್ನಲ್‌ಗೆ ರಸ್ತೆ ತನಕ ಬರಬೇಕು, ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದರೆ ಟವರ್ ಕೂಡ ಸತ್ತಿರುತ್ತದೆ. ಹೊರಗಿನವರಿಗೆ ಇದು ಗೊತ್ತಿಲ್ಲ, ಆಸಕ್ತಿ ಇಲ್ಲ ಅಂದುಕೊಂಡು ಮುಂದಿನವರಿಗೆ ಕರೆ ಮಾಡುತ್ತಾರೆ. ಪೇಟೆಯಲ್ಲಿರುವ ಅಣ್ಣನಿಗೋ ಚಿಕ್ಕಪ್ಪನಿಗೋ ಮೊದಲೇ ಹೇಳಿ, ಅವರ ನಂಬರನ್ನು ಎರಡನೆಯದಾಗಿ ಕೊಡಿ. ಪಕ್ಕದಲ್ಲಿ 'ಕರೆ ಸಿಗದಿದ್ದರೆ ಮೆಸೇಜ್ ಹಾಕಿ, ಅದೇ ದಿನ ತಿರುಗಿ ಕರೆ ಮಾಡುತ್ತೇನೆ' ಅಂತ ಸೇರಿಸಿ. ವಿಳಾಸ ಪೂರ್ತಿ ಬೇಡ, ಊರು ಮತ್ತು ತಾಲ್ಲೂಕು ಸಾಕು. ಮೈಸೂರು, ಬೆಂಗಳೂರಿನ ಕೆಲಸಕ್ಕಾದರೆ 'ಅಲ್ಲಿಗೇ ಬಂದು ಇರಲು ಸಿದ್ಧ' ಅಂತ ಬರೆಯಿರಿ, ಏಕೆಂದರೆ ದೂರದ ಊರಿನವರು ಬರುತ್ತಾರೋ ಇಲ್ಲವೋ ಅನ್ನುವ ಅನುಮಾನ ಓದುವವರಿಗೆ ಇದ್ದೇ ಇರುತ್ತದೆ. ಆಧಾರ್ ನಂಬರ್ ಹಾಕಲೇಬೇಡಿ. ರೆಸ್ಯೂಮೆ ಯಾರ ಯಾರ ಕೈಗೆ ಹೋಗುತ್ತದೋ ಯಾರಿಗೆ ಗೊತ್ತು? ಫೋಟೋ, ಅವರು ಕೇಳಿದರೆ ಮಾತ್ರ. ಕೊನೆಯಲ್ಲಿ 'ಮೇಲಿನದೆಲ್ಲ ಸತ್ಯ ಎಂದು ಘೋಷಿಸುತ್ತೇನೆ' ಅನ್ನುವ ಸಾಲನ್ನು ಬಿಟ್ಟರೂ ನಡೆಯುತ್ತದೆ, ಆ ಜಾಗದಲ್ಲಿ ಇನ್ನೊಂದು ಕೆಲಸದ ವಿವರ ಹಿಡಿಸುತ್ತದೆ.

ಫೈಲಿನ ಹೆಸರು 'ನ್ಯೂ ರೆಸ್ಯೂಮೆ ಫೈನಲ್ 2' ಅಂತ ಇರದೆ ನಿಮ್ಮ ಹೆಸರು ಮತ್ತು ಹುದ್ದೆ ಇರಲಿ. ಇಲ್ಲಿನ ಕೆಲಸಗಳಿಗೆ ಈಗ ವಾಟ್ಸಾಪ್‌ನಲ್ಲೇ ಕಳಿಸಿ ಅನ್ನುತ್ತಾರೆ. ಕಳಿಸಿ, ಆದರೆ ಹಾಳೆಯ ಫೋಟೋ ಹೊಡೆದು ಕಳಿಸಬೇಡಿ, ಪಿಡಿಎಫ್ ಕಳಿಸಿ. ಜೊತೆಗೆ ನಾಲ್ಕು ಸಾಲು: ನಾನು ಯಾರು, ಯಾವ ಕೆಲಸಕ್ಕೆ, ಜಾಹೀರಾತು ಎಲ್ಲಿ ನೋಡಿದೆ, ಯಾವ ಒಂದು ಕಾರಣಕ್ಕೆ ನನ್ನನ್ನು ಕರೆಯಬೇಕು. ಒಂದು ಮಾತೂ ಇಲ್ಲದೆ ಬರೀ ಫೈಲ್ ಬಂದರೆ ತೆರೆಯಲು ಕೈ ಮುಂದೆ ಹೋಗುವುದಿಲ್ಲ, ನಾನೇ ಎಷ್ಟೋ ಸಲ ಆಮೇಲೆ ನೋಡೋಣ ಅಂತ ಬಿಟ್ಟಿದ್ದೇನೆ. ಕಳಿಸಿದ ತಾರೀಖು ಬರೆದಿಟ್ಟುಕೊಂಡು ವಾರ ಹತ್ತು ದಿನ ಕಳೆದ ಮೇಲೆ ಒಂದು ಸಲ ವಿಚಾರಿಸಿ. ಕೆಲಸ ಕೊಡುತ್ತೇವೆ, ಮೊದಲು ಇಷ್ಟು ಹಣ ಕಟ್ಟಿ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಆ ಕೆಲಸವೇ ಇರುವುದಿಲ್ಲ.

ಶನಿವಾರಸಂತೆಯ ಹುಡುಗನಿಗೆ ಕ್ಯೂರಿಂಗ್‌ನವರಿಂದ ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ಬಟವಾಡೆ ಪಟ್ಟಿಯ ಬಗ್ಗೆಯೇ ಅಂತೆ, ಅಡ್ವಾನ್ಸ್ ಹೇಗೆ ಕಳೆಯುತ್ತಿದ್ದೆ, ತಪ್ಪಾದರೆ ಹೇಗೆ ಗೊತ್ತಾಗುತ್ತಿತ್ತು ಅಂತ. ಈಗ ಅವನು ಅಲ್ಲೇ ಇದ್ದಾನೆ. ಊರಿಗೆ ಬಂದಾಗ ನಮ್ಮ ಮನೆಗೂ ಬಂದಿದ್ದ, ಕೈಯಲ್ಲಿ ಅಪ್ಪನ ತೂಕದ ಪುಸ್ತಕ ಇತ್ತು, ಈ ಸಲ ತಂಗಿ ಬರೆಯುತ್ತಾಳಂತೆ. ಅದರ ಕೊನೆಯ ಹಾಳೆ ಬಿಡಿಸಿ ತೋರಿಸಿದ. ಅವಳಿಗೋಸ್ಕರ ಮೂರು ಖಾನೆ ಎಳೆದಿಟ್ಟಿದ್ದ: ಎಷ್ಟು ಜನ, ಎಷ್ಟು ಚೀಲ, ಹೊಸದಾಗಿ ಏನು ಕಲಿತೆ.